ಪಾಪ್‌ಕಾರ್ನ್ ತರುವಷ್ಟರಲ್ಲಿ

2024ರ ಫೆಬ್ರವರಿ 15, ಗುರುವಾರ. ಮಗಳಿಗೆ ಶಾಲೆಯಲ್ಲಿ ಅರ್ಧ ದಿನ ರಜೆ ಕೇಳಿ, ಶಿಕಾಗೋ ಹತ್ತಿರದ ನೇಪರ್‌ವಿಲ್‌ನಿಂದ ಅಯೋವಾ ಸಿಟಿಗೆ ಹೊರಟೆವು. ಕಾರಿನಲ್ಲಿ ಮೂರು ಗಂಟೆ ದಾರಿ. ಅದೂ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನೋಡೋದಕ್ಕೆ! ಟಿಕೆಟ್ಟಿಗೆ ಎಷ್ಟು ಕೊಟ್ಟೆವು ಅಂತ ಊರಿನಲ್ಲಿರುವ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮಿಸಿಸಿಪ್ಪಿ ದಾಟಿದರೆ ಅಯೋವಾ. ವಾಲ್ಕಾಟ್‌ನಲ್ಲಿರುವ ಆ ಭಾರೀ ಟ್ರಕ್ ನಿಲ್ದಾಣದಲ್ಲಿ ಕಾರು ನಿಲ್ಲಿಸಿ, ಡಬ್ಬಿಯಲ್ಲಿದ್ದ ಪುಳಿಯೋಗರೆ ಮುಗಿಸಿದೆವು. ಆಮೇಲೆ ಎರಡೂ ಕಡೆ ಕಟಾವಾದ ಮೆಕ್ಕೆಜೋಳದ ಹೊಲಗಳು, ಅಷ್ಟೇ.

ಕಾರ್ವರ್-ಹಾಕೈ ಅರೀನಾ ಹೊರಗಿನಿಂದ ಅಂಥ ದೊಡ್ಡದೇನೂ ಕಾಣುವುದಿಲ್ಲ. ತಗ್ಗಿನಲ್ಲಿ ಕಟ್ಟಿದ್ದಾರೆ. ಬಾಗಿಲು ದಾಟಿದರೆ ನಾವು ಮೇಲ್ತುದಿಯಲ್ಲಿ, ಅಂಕಣ ಬಾವಿಯ ತಳದಲ್ಲಿದ್ದ ಹಾಗೆ ಕೆಳಗೆ. ಹೆಚ್ಚುಕಮ್ಮಿ ಹದಿನೈದು ಸಾವಿರ ಜನ. ಎತ್ತ ನೋಡಿದರೂ 22ನೇ ನಂಬರಿನ ಅಂಗಿ. ಪುಟ್ಟ ಹುಡುಗರೂ ಅದನ್ನೇ ಹಾಕಿಕೊಂಡಿದ್ದರು, ಅದು ನನಗೆ ತುಂಬಾ ಇಷ್ಟವಾಯಿತು.

22 ಅಂದರೆ ಅಯೋವಾ ವಿಶ್ವವಿದ್ಯಾಲಯ ತಂಡದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಮೊದಲ ದರ್ಜೆಯ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಅಂದರೆ ಕೆಲ್ಸಿ ಪ್ಲಮ್ ಅವರ 3,527 ಪಾಯಿಂಟ್‌ಗಳ ದಾಖಲೆ ಮುರಿಯಲು ಇನ್ನು ಎಂಟು ಪಾಯಿಂಟ್ ಬೇಕಿತ್ತು. "ಎಂಟು ಆಗೋಕೆ ಇನ್ನೂ ಹೊತ್ತಿದೆ ಬಿಡು" ಅಂತ ಇವರು ಪಾಪ್‌ಕಾರ್ನ್ ತರಲು ಮೆಟ್ಟಿಲು ಹತ್ತಿದರು.

ಆಟ ಶುರುವಾಗಿ ಎರಡೂಕಾಲು ನಿಮಿಷವೂ ಆಗಿರಲಿಲ್ಲ. ಬಲೆಯ ಹತ್ತಿರ ನುಗ್ಗಿ ಹಾಕುವ ಲೇಅಪ್ ಒಂದು, ದೂರದಿಂದ ಮೂರು ಪಾಯಿಂಟಿನ ಎಸೆತ ಒಂದು. ಆಮೇಲೆ ಅಂಕಣದ ಮಧ್ಯದ ಲೋಗೋ ಹತ್ತಿರದಿಂದಲೇ ಎಸೆದಳು. ಚೆಂಡು ಬಲೆಯೊಳಗೆ ಬಿತ್ತು. ಆ ಕೂಗಿಗೆ ಮಗಳು ಕಿವಿ ಮುಚ್ಚಿಕೊಂಡಳು. ಇವರು ಇನ್ನೂ ಕ್ಯೂನಲ್ಲೇ ಇದ್ದರು.

ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು. ಕಣ್ಣೊರೆಸಿಕೊಂಡು ನಗುತ್ತಿದ್ದರು. ಟಿವಿಯವರು ಈ ಹುಚ್ಚೆಲ್ಲ ಒಬ್ಬ ಹುಡುಗಿಯಿಂದ ನಿನ್ನೆ ಮೊನ್ನೆ ಶುರುವಾಯಿತು ಅನ್ನುವ ಹಾಗೆ ಮಾತಾಡ್ತಾರೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಜ್ಜಿ ಬಿಡುವಿನಲ್ಲಿ ತಮ್ಮ ಕಾಲದ ಆಟ ತೋರಿಸಿದರು. ಆಗ ತಂಡಕ್ಕೆ ಆರು ಜನ. ಮೂವರು ಆ ಅರ್ಧದಲ್ಲಿ, ಮೂವರು ಈ ಅರ್ಧದಲ್ಲಿ, ಮಧ್ಯದ ಗೆರೆ ದಾಟುವ ಹಾಗಿಲ್ಲ. ಚೆಂಡನ್ನು ಪುಟಿಸುವುದು ಎರಡೇ ಸಲ. ಅಂಗೈಯಿಂದ ಗಾಳಿಗೆ ಎರಡು ಬಾರಿ ತಟ್ಟಿ ಗಕ್ಕನೆ ನಿಲ್ಲಿಸಿದರು. ಅಯೋವಾದ ಶಾಲೆಗಳಲ್ಲಿ ಈ ಆಟ 1993ರವರೆಗೂ ಇತ್ತು. ರಾಜ್ಯ ಟೂರ್ನಿ ಬಂದರೆ ಊರಿಗೆ ಊರೇ ರಾಜಧಾನಿ ಡಿ ಮಾಯ್ನ್‌ಗೆ ಹೋಗುತ್ತಿತ್ತಂತೆ.

"1985ರಲ್ಲಿ ಇಲ್ಲೇ ಮೆಟ್ಟಿಲ ಮೇಲೆ ಕೂತು ನೋಡಿದ್ದೆ" ಅಂದರು. ವಿವಿಯನ್ ಸ್ಟ್ರಿಂಗರ್ ಅಯೋವಾ ತಂಡದ ಕೋಚ್ ಆಗಿದ್ದ ಕಾಲ. ಒಹಾಯೊ ಸ್ಟೇಟ್ ವಿರುದ್ಧದ ಆ ಪಂದ್ಯಕ್ಕೆ 22,157 ಜನ ನುಗ್ಗಿದ್ದರು. ನನಗೆ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣ ನೆನಪಾಯಿತು. 2017ರಲ್ಲಿ ನಮ್ಮ ಹುಡುಗಿಯರು ಅಲ್ಲೇ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದರು. ನಮ್ಮ ಬೀದಿಯಲ್ಲಿ ಒಬ್ಬರಾದರೂ ಅದರ ಸುದ್ದಿ ಎತ್ತಿದ್ದರಾ? ನಾನೂ ಎತ್ತಲಿಲ್ಲ.

ಅಷ್ಟರಲ್ಲಿ ಇವರು ಪಾಪ್‌ಕಾರ್ನ್ ಡಬ್ಬ ಹಿಡಿದು ಇಳಿದು ಬಂದಿದ್ದರು. "ಅಷ್ಟು ಬೇಗನಾ?" ಅಂತ ಕೇಳಿದ್ದೊಂದೇ. ಅಜ್ಜಿ ಏನೂ ಹೇಳದೆ ಡಬ್ಬಕ್ಕೆ ಕೈ ಹಾಕಿದರು. ಕ್ಲಾರ್ಕ್ ಅವತ್ತು 49 ಪಾಯಿಂಟ್ ಮಾಡಿದಳು. ಎದುರಾಳಿ ಮಿಶಿಗನ್ ಕೂಡ ಸುಮ್ನೆ ಬಿಟ್ಟುಕೊಡಲಿಲ್ಲ, 89 ಗಳಿಸಿತು. ಅಯೋವಾ 106.

ಏಪ್ರಿಲ್ 7ರ ರಾಷ್ಟ್ರೀಯ ಕಾಲೇಜು ಫೈನಲ್ ಮನೆಯಲ್ಲೇ ನೋಡಿದೆವು. ಫೈನಲ್‌ನಲ್ಲಿ ಅಯೋವಾಗೆ ಎದುರಾಳಿ ಹಿಂದಿನ ವರ್ಷ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ), ಈ ಸಲ ಕೋಚ್ ಡಾನ್ ಸ್ಟೇಲಿಯವರ ಸೌತ್ ಕ್ಯಾರೊಲಿನಾ. ಕ್ಲಾರ್ಕ್ ಇದ್ದೂ ಅಯೋವಾ ಎರಡೂ ಫೈನಲ್ ಸೋತಿತು. ಸೌತ್ ಕ್ಯಾರೊಲಿನಾ ಆ ವರ್ಷ ಆಡಿದ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಟಿವಿಯಲ್ಲಿ ನೋಡಿದವರು 1 ಕೋಟಿ 87 ಲಕ್ಷಕ್ಕೂ ಜಾಸ್ತಿ, ಗಂಡಸರ ಫೈನಲ್‌ಗೆ 1 ಕೋಟಿ 48 ಲಕ್ಷದಷ್ಟು.

ಅವತ್ತು ಪಾಪ್‌ಕಾರ್ನ್ ಮೊದಲೇ ಮಾಡಿಟ್ಟಿದ್ದೆ. ಇವರು ಒಂದು ಸಲವೂ ಸೋಫಾ ಬಿಟ್ಟು ಏಳಲಿಲ್ಲ.