ವಿಬಿಎಸ್ ಫ್ಲೆಕ್ಸ್ ಮೇಲೆ ಬೈಬಲ್ ಅಂತ ಬರೆಯೋಣ

ಏಪ್ರಿಲ್ ಬಂತು ಅಂದ್ರೆ ನಮ್ಮ ಚರ್ಚ್ ಸಭೆಗಳಲ್ಲಿ ವಿಬಿಎಸ್, ಅಂದ್ರೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ವೆಕೇಶನ್ ಬೈಬಲ್ ಸ್ಕೂಲ್ ಗಡಿಬಿಡಿ ಶುರು. ಸಂಡೇ ಸ್ಕೂಲ್ ಟೀಚರ್‌ಗಳ ಮೀಟಿಂಗು, ಆ್ಯಕ್ಷನ್ ಸಾಂಗ್ ಪ್ರಾಕ್ಟೀಸು, ಚಾರ್ಟ್ ಪೇಪರ್, ಗಮ್, ಸ್ಕೆಚ್ ಪೆನ್ನು, ಶರಬತ್ತು ಯಾರ ಮನೆಯಿಂದ, ಬಿಸ್ಕತ್ತು ಯಾರ ಲೆಕ್ಕದಲ್ಲಿ. ವರ್ಷದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ದಿನಗಳಿಲ್ಲ. ಅದಕ್ಕೇ ಈ ಸಲ ಒಂದು ಮಾತು ನೇರವಾಗಿ ಹೇಳಬೇಕು. ಎಲ್ಲ ಧರ್ಮದವರೂ ಇರುವ ಬೀದಿಯಲ್ಲಿ 'ಸಮ್ಮರ್ ಕ್ಯಾಂಪ್, ಡ್ರಾಯಿಂಗ್, ಆಟ, ಎಲ್ಲ ಉಚಿತ' ಅಂತ ಮಾತ್ರ ಫ್ಲೆಕ್ಸ್ ಹಾಕಿ, ಮಕ್ಕಳು ಒಳಗೆ ಬಂದು ಕೂತ ಮೇಲೆ ಯೇಸುವಿನ ಕಥೆ ತೆಗೆಯುವುದು ಸರಿಯಲ್ಲ. ಹಾಗೆ ಮಾಡುವವರು ಇದ್ದಾರೆ. ಒಳ್ಳೆ ಮನಸ್ಸಿನಿಂದಲೇ ಮಾಡ್ತಾರೆ. ಆದರೂ ಸರಿಯಲ್ಲ.

ಈ ಕೆಲಸ ಶುರುವಾದದ್ದು ಬಚ್ಚಿಟ್ಟುಕೊಂಡು ಅಲ್ಲ. 1868ರ ಬೇಸಿಗೆಯಲ್ಲಿ ಜೋಸಾಯ ಸ್ಪಿಯರ್ಸ್ ಅನ್ನುವವರು ವೇಲ್ಸ್‌ನ ಒಂದು ಕಡಲ ತೀರದಲ್ಲಿ, ರಜೆಗೆ ಬಂದಿದ್ದ ಮಕ್ಕಳನ್ನು ಸೇರಿಸಿಕೊಂಡು, ಮರಳಿನ ಮೇಲೆ ದೇವರು ಪ್ರೀತಿಸ್ವರೂಪಿ ಅನ್ನೋ ಮಾತನ್ನು ದೊಡ್ಡ ಅಕ್ಷರದಲ್ಲಿ ಗೀಚಿದರು. ಮಕ್ಕಳು ಕಲ್ಲು, ಚಿಪ್ಪು ಆರಿಸಿ ತಂದು ಅಕ್ಷರಗಳನ್ನು ತುಂಬಿಸಿದರು. ಕಥೆ ಆಮೇಲೆ. ಮಕ್ಕಳಿಗೆ ಬೈಬಲ್ ಕಲಿಸುವ ಇವತ್ತಿನ ಸ್ಕ್ರಿಪ್ಚರ್ ಯೂನಿಯನ್ ಸಂಸ್ಥೆ ಬೆಳೆದದ್ದು ಈ ಕೆಲಸದಿಂದಲೇ. ಮೊದಲು ಬರೆದದ್ದು ವಿಷಯವನ್ನೇ, ಅದೂ ದಾರಿಯಲ್ಲಿ ಹೋಗುವವರೆಲ್ಲ ಓದುವ ಹಾಗೆ. ವಿಬಿಎಸ್ ಕಥೆಯೂ ಹೀಗೇ. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಅನ್ನೋ ಹೆಣ್ಣುಮಗಳು, ಬೇಸಿಗೆ ರಜೆಯಲ್ಲಿ ಬೀದಿ ಸುತ್ತುತ್ತಿದ್ದ ಬಡ ಮಕ್ಕಳಿಗಾಗಿ ಬೇರೆ ಜಾಗ ಸಿಗದೆ ಒಂದು ಬಿಯರ್ ಹಾಲನ್ನೇ ಬಾಡಿಗೆಗೆ ಹಿಡಿದರು. ಅದನ್ನೂ ಬೈಬಲ್ ಶಾಲೆ ಅಂತಲೇ ಕರೆದರು.

ಕಾನೂನಿನ ಮಾತು ಬಂದಾಗ ಕೆಲವರು ಅಮೆರಿಕದ ಗುಡ್ ನ್ಯೂಸ್ ಕ್ಲಬ್ ಕೇಸನ್ನು ಎತ್ತುತ್ತಾರೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಶಾಲೆ ಬಿಟ್ಟ ಮೇಲೆ, ಅದೇ ಕಟ್ಟಡದಲ್ಲಿ ಬೈಬಲ್ ಕಥೆ ಹೇಳುವುದಕ್ಕೆ ನ್ಯೂಯಾರ್ಕ್ ರಾಜ್ಯದ ಮಿಲ್‌ಫರ್ಡ್ ಊರಿನ ಶಾಲೆ ಈ ಕ್ರೈಸ್ತ ಮಕ್ಕಳ ಕ್ಲಬ್ಬಿಗೆ ಜಾಗ ಕೊಡಲಿಲ್ಲ. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6-3ರಲ್ಲಿ ಕ್ಲಬ್ ಪರ ತೀರ್ಪು ಕೊಟ್ಟಿತು. ನಾವು ಗೆದ್ದೆವು ಅಂತ ಖುಷಿಪಡುವವರು ಆ ತೀರ್ಪಿನ ಒಂದು ಮಾತನ್ನು ಮರೆಯುತ್ತಾರೆ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳು ಕ್ಲಬ್ಬಿಗೆ ಬರೋ ಹಾಗೇ ಇಲ್ಲ, ಹಾಗಿರುವಾಗ ಮಕ್ಕಳ ಮೇಲೆ ಒತ್ತಾಯ ಅನ್ನುವ ಪ್ರಶ್ನೆ ಎಲ್ಲಿ ಬಂತು ಅಂತ ಕೋರ್ಟ್ ಹೇಳಿತ್ತು. ಅಂದ್ರೆ ಆ ಗೆಲುವಿನಲ್ಲಿ ಒಂದು ಸಹಿಯ ಚೀಟಿಗೂ ಪಾಲಿದೆ. ನಮ್ಮ ಸಂವಿಧಾನದ 28ನೇ ವಿಧಿಯೂ ಅಷ್ಟೇ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ಧರ್ಮಬೋಧನೆಗೆ ಕೂರಿಸಬೇಕಾದರೆ ಪೋಷಕರು ಒಪ್ಪಲೇಬೇಕು. ಚರ್ಚ್ ಆವರಣಕ್ಕೆ ಈ ವಿಧಿ ಬರುವುದಿಲ್ಲ, ನಿಜ. ಆದರೆ ಶಾಲೆ ಕೇಳಬೇಕಾದದ್ದನ್ನು ಸಭೆ ಕೇಳಬಾರದು ಅಂತ ಏನಿದೆ?

ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಭಯ ಜಾಸ್ತಿ ಆಯ್ತು. ಆ ಭಯಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯ ನಮಗೆಲ್ಲ ಬಾಯಿಪಾಠ, ಚಿಕ್ಕ ಮಕ್ಕಳನ್ನು ನನ್ನ ಹತ್ತಿರ ಬರಲು ಬಿಡಿ ಅನ್ನೋ ಮಾತು ಪ್ರತಿ ವಿಬಿಎಸ್ ಚಾರ್ಟಿನಲ್ಲೂ ಇರುತ್ತೆ. ಅದರ ಹಿಂದಿನ ವಚನ ಒಮ್ಮೆ ಓದಿ. ಆ ಮಕ್ಕಳು ಒಬ್ಬೊಬ್ಬರೇ ಬಂದದ್ದಲ್ಲ, ಜನ ಅವರನ್ನು ಕರೆದುಕೊಂಡು ಬಂದಿದ್ದರು. ಯೇಸು ಯಾರ ಮಗುವನ್ನೂ ಪೋಷಕರ ಕಣ್ಣು ತಪ್ಪಿಸಿ ಕರೆಯಲಿಲ್ಲ.

ಕಳೆದ ವರ್ಷ ಪಕ್ಕದ ಬೀದಿಯ ಒಬ್ಬ ತಾಯಿ ಗೇಟಿನ ಹತ್ತಿರವೇ ನಿಂತು ಕೇಳಿದರು, "ಮೇಡಂ, ಒಳಗೆ ಏನ್ ಹೇಳಿಕೊಡ್ತೀರಾ?" ಹಾಡು, ಬೈಬಲ್ ಕಥೆ, ಪ್ರಾರ್ಥನೆ, ಆಮೇಲೆ ಕ್ರಾಫ್ಟ್ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಕಥೆ ಕೇಳಲಿ ಬಿಡಿ, ಪ್ರಾರ್ಥನೆಗೆ ಮಾತ್ರ ಬಲವಂತ ಬೇಡ" ಅಂದ್ರು. ಆಯ್ತಮ್ಮಾ ಅಂದೆ. ಎಲ್ಲರೂ ಕಣ್ಣು ಮುಚ್ಚಿದಾಗ ಆ ಹುಡುಗಿ ಹಿಂದಿನ ಚಾಪೆಯಲ್ಲಿ ಕೂತು ಕಳೆದುಹೋದ ಕುರಿಯ ಕಥೆಯ ಚಿತ್ರಕ್ಕೆ ನೀಲಿ ಬಣ್ಣ ತುಂಬುತ್ತಿದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕೊನೇ ದಿನದವರೆಗೂ ಬಂದಳು, ತಮ್ಮನನ್ನೂ ಎಳೆದುಕೊಂಡು ಬಂದಳು.

ಬರಹವೇ ಇಲ್ಲದೆ ಬರೀ ಬಣ್ಣದ ಪುಟಗಳನ್ನು ತೋರಿಸಿ ಸುವಾರ್ತೆ ಹೇಳುವ ಬಣ್ಣದ ಪುಸ್ತಕದ ಬಗ್ಗೆಯೂ ಟೀಚರ್‌ಗಳಿಗೆ ಹೇಳೋದಿದೆ. 1866ರಲ್ಲಿ ಲಂಡನ್ನಿನ ಬೋಧಕ ಸ್ಪರ್ಜನ್ ಇದರ ಬಗ್ಗೆ ಮಾತಾಡಿದಾಗ ಇದ್ದದ್ದು ಕಪ್ಪು, ಕೆಂಪು, ಬಿಳಿ ಮಾತ್ರ. ಚಿನ್ನದ ಬಣ್ಣ, ಹಸಿರು ಆಮೇಲೆ ಸೇರಿದವು. ಈಗ ಬಹಳ ಕಡೆ ಚಿನ್ನದ ಪುಟದಿಂದಲೇ, ಅಂದ್ರೆ ದೇವರ ಪ್ರೀತಿಯಿಂದಲೇ ಶುರು ಮಾಡ್ತಾರೆ. ದಯವಿಟ್ಟು ಹಾಗೇ ಮಾಡಿ. ಆರು ವರ್ಷದ ಮಗುವಿಗೆ ಮೊದಲ ದಿನವೇ ಪಾಪವನ್ನು ಸೂಚಿಸುವ ಕಪ್ಪು ಪುಟ ತೋರಿಸಿ ನರಕದ ಹೆದರಿಕೆ ಹಾಕಿ, ಯಾರು ಯೇಸುವನ್ನು ಒಪ್ಪಿಕೊಳ್ತೀರಿ ಕೈ ಎತ್ತಿ ಅಂದ್ರೆ ಎಲ್ಲ ಕೈಗಳೂ ಏಳುತ್ತವೆ. ಬಿಸ್ಕತ್ತು ಯಾರಿಗೆ ಬೇಕು ಅಂದ್ರೂ ಏಳುತ್ತವೆ. ಆ ಕೈಗಳನ್ನು ಎಣಿಸಿ ರಿಪೋರ್ಟ್ ಬರೆಯುವುದನ್ನು ನಾವು ನಿಲ್ಲಿಸಬೇಕು.

ಈ ವರ್ಷ ನಮ್ಮ ಫ್ಲೆಕ್ಸ್ ಮೇಲೆ 'ಬೈಬಲ್ ಕಥೆ, ಹಾಡು, ಪ್ರಾರ್ಥನೆ, ಕ್ರಾಫ್ಟ್' ಅಂತ ಒಂದೇ ಅಳತೆಯ ಅಕ್ಷರದಲ್ಲಿ ಬರೆಸುತ್ತಿದ್ದೇವೆ. ಚೀಟಿಯಲ್ಲೂ ಇದೇ ಮಾತು, ಕೆಳಗೆ ಪೋಷಕರ ಸಹಿ, ಫೋನ್ ನಂಬರ್. ಮಗುವಿನ ಜೊತೆ ಯಾವ ಟೀಚರೂ ಒಂಟಿಯಾಗಿ ಇರುವಂತಿಲ್ಲ, ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಬಾಗಿಲು ತೆರೆದೇ ಇರುತ್ತೆ, ಯಾವ ತಂದೆ ತಾಯಿ ಬೇಕಾದ್ರೂ ಯಾವಾಗ ಬೇಕಾದ್ರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ಹೀಗೆ ಬರೆದರೆ ಮಕ್ಕಳು ಕಡಿಮೆ ಬರಬಹುದು ಅಂತ ಮೀಟಿಂಗ್‌ನಲ್ಲಿ ಒಬ್ಬರು ಹೇಳಿದರು. ಬರಬಹುದು. ಬಂದಷ್ಟು ಮಕ್ಕಳಿಗೆ ಶರಬತ್ತು ಮಾಡೋಣ ಅಂದೆ.