ರೆಮ್ಸ್ ಕಣಿವೆಯಲ್ಲಿ ಸೇವಾವರ್ಷ: ಮೇ ತಿಂಗಳವರೆಗಿನ ವರದಿ

ಪದವಿ ಮುಗಿದ ಬಳಿಕ ಒಂದು ವರ್ಷವನ್ನು ಜರ್ಮನಿಯ ಕ್ರೈಸ್ತ ಸೇವಾಸಂಸ್ಥೆಯೊಂದರಲ್ಲಿ ಕಳೆಯಲು ಹೊರಟಾಗ, ಮೂರು ತಿಂಗಳಿಗೊಮ್ಮೆ ವರದಿ ಬರೆದು ಕಳುಹಿಸುವುದಾಗಿ ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯ ಹಿರಿಯರಿಗೆ ಮಾತು ಕೊಟ್ಟಿದ್ದೆ. ಇದು ಮೂರನೆಯ ವರದಿ. ಹಿಂದಿನ ಎರಡರಲ್ಲಿ ಪ್ರಯಾಣ, ಚಳಿ, ಊಟೋಪಚಾರದ ವಿಷಯಗಳು ಬಂದಿರುವುದರಿಂದ ಇಲ್ಲಿ ಕೆಲಸ, ಸಹಜೀವನ ಮತ್ತು ಪ್ರಾರ್ಥನೆ ಈ ಮೂರಕ್ಕೆ ಮಾತ್ರ ಜಾಗ ಕೊಡುತ್ತೇನೆ. ಯುವಕ ಸಂಘದ ಕೆಲವರು ತಾವೂ ಇಂಥ ವರ್ಷಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಾರೆಂದು ಕೇಳಿದ್ದೇನೆ. ಅವರಿಗೆ ಉಪಯೋಗವಾಗಲಿ ಎಂಬ ಉದ್ದೇಶವೂ ಇದೆ.

ಈ ವರ್ಷ ಎಂದರೇನು

ಸ್ಟುಟ್‌ಗಾರ್ಟ್ ನಗರದ ಪೂರ್ವಕ್ಕೆ ರೆಮ್ಸ್ ನದಿಯ ಕಣಿವೆ ಹಬ್ಬಿದೆ. ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು, ಕೆಳಗೆ ಒಂದಕ್ಕೊಂದು ಅಂಟಿಕೊಂಡ ಊರುಗಳು. ಅಂಥ ಒಂದು ಊರಿನಲ್ಲಿ, ಬೌದ್ಧಿಕ ಮತ್ತು ದೈಹಿಕ ಅಂಗವೈಕಲ್ಯವಿರುವ ವಯಸ್ಕರು ಒಟ್ಟಾಗಿ ವಾಸಿಸುವ ಮನೆಯಲ್ಲಿ ನನಗೆ ಕೆಲಸ. ವಸತಿ, ಊಟ, ವಿಮೆ ಮತ್ತು ಸ್ವಲ್ಪ ಕೈಖರ್ಚಿನ ಹಣ ಸಿಗುತ್ತದೆ, ಸಂಬಳವಿಲ್ಲ.

ಇಲ್ಲಿ ಈ ಪದ್ಧತಿಗೆ ಹಳೆಯ ಬೇರುಗಳಿವೆ. ಬವೇರಿಯಾದ ನೊಯೆನ್‌ಡೆಟೆಲ್ಸಾವ್ ಎಂಬಲ್ಲಿ ರೋಗಿಗಳ ಶುಶ್ರೂಷೆಗೆಂದೇ ಜೀವನ ಮುಡಿಪಿಟ್ಟ ಸೇವಾಸಹೋದರಿಯರ ಆಶ್ರಮವಿದೆ. 1954ರಲ್ಲಿ ಅದರ ಮುಖ್ಯಸ್ಥರಾಗಿದ್ದ ಹರ್ಮನ್ ಡೀಟ್ಸ್‌ಫೆಲ್ಬಿಂಗರ್ ಅವರು, ಬದುಕಿನ ಒಂದು ವರ್ಷವನ್ನು ಸೇವೆಗೆ ಕೊಡಿ ಎಂದು ತರುಣಿಯರಿಗೆ ಕರೆಕೊಟ್ಟರು. ಜೀವನಪೂರ್ತಿ ಸೇವಾಸಹೋದರಿಯಾಗಲು ಮುಂದೆ ಬರುವವರು ಕಡಿಮೆಯಾಗುತ್ತಿದ್ದ ಕಾಲ ಅದು; ಆಸ್ಪತ್ರೆಗಳಿಗೆ ಕೈಗಳು ಬೇಕಾಗಿದ್ದವು. ಹೀಗೆ ಭಕ್ತಿಯಷ್ಟೇ ಅಗತ್ಯವೂ ಸೇರಿ ಹುಟ್ಟಿದ ಈ ಕ್ರಮಕ್ಕೆ 1964ರಲ್ಲಿ ಕಾನೂನಿನ ರೂಪ ದೊರೆಯಿತು. ಕಡ್ಡಾಯ ಸೈನಿಕ ಸೇವೆಯನ್ನು 2011ರಲ್ಲಿ ಅಮಾನತಿನಲ್ಲಿಟ್ಟಾಗ, ಸೈನ್ಯಕ್ಕೆ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಹುಡುಗರ ಜಾಗ ತುಂಬಲು ಸರ್ಕಾರವೇ ಇನ್ನೊಂದು ಸ್ವಯಂಸೇವಾ ಯೋಜನೆ ಆರಂಭಿಸಿತು. ವರ್ಷಕ್ಕೆ ಕನಿಷ್ಠ 25 ದಿನಗಳ ತರಬೇತಿ ಶಿಬಿರ ಕಾನೂನಿನಲ್ಲೇ ಇದೆ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಒಳ್ಳೆಯ ಮನಸ್ಸಿದ್ದರೆ ಸಾಕೆಂದು ಇವರು ನಂಬಿಕೊಂಡು ಕುಳಿತಿಲ್ಲ.

ಬೆಟಗೇರಿಯವಳು ಇಲ್ಲಿಗೇಕೆ ಬಂದಳೆಂದು ಇಲ್ಲಿನವರು ಕೇಳುತ್ತಲೇ ಇರುತ್ತಾರೆ. 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದಾದರೂ ಅದರ ಮಿಷನರಿಗಳಲ್ಲಿ ಬಹಳ ಮಂದಿ ಇದೇ ವ್ಯೂರ್ಟೆಂಬರ್ಗ್ ಸೀಮೆಯವರು. ನಮ್ಮ ಕಡೆಯ ಶಾಲೆ, ಆಸ್ಪತ್ರೆಗಳ ಹಿಂದೆ ಇಂಥ ಕಣಿವೆಗಳ ಸಣ್ಣ ಊರಿನ ಜನರ ಕಾಣಿಕೆ ಹಣವಿದೆ. ಆದರೆ ಈ ಮಾತನ್ನು ಋಣ ತೀರಿಸುವ ಧಾಟಿಯಲ್ಲಿ ಹೇಳಲು ನನಗೆ ಇಷ್ಟವಿಲ್ಲ. ಅಪ್ಪನೇನೋ ಫೋನಿನಲ್ಲಿ ಇಂದಿಗೂ, “ಇಷ್ಟ್ ಓದಿ, ಅಲ್ಲಿ ಹೋಗಿ ಮಂದಿಗೆ ಉಣ್ಣಿಸೂದೇನವಾ?” ಎನ್ನುತ್ತಾರೆ. ಹೌದು, ಉಣ್ಣಿಸುವುದೇ ನನ್ನ ಮುಖ್ಯ ಕೆಲಸ. ಅದನ್ನು ಕಲಿಯಲು ಚಳಿಗಾಲದವರೆಗೂ ಹಿಡಿಯಿತು.

ಸೆಪ್ಟೆಂಬರ್, ಅಕ್ಟೋಬರ್

ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕ ಕೂರುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಮಾತು ಬಾರದು, ನುಂಗುವುದು ಕಷ್ಟ. ನೀರು, ಚಹಾದಂಥ ತೆಳುವಾದ ಪದಾರ್ಥ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುವ ಭಯವಿರುವುದರಿಂದ, ಅವರು ಕುಡಿಯುವುದೆಲ್ಲಕ್ಕೂ ಒಂದು ಬಗೆಯ ಪುಡಿ ಬೆರೆಸಿ ಅಂಬಲಿಯ ಹದಕ್ಕೆ ತರಬೇಕು. ಪುಡಿ ಹಾಕಿ ಕದಡಿದ ಮೇಲೆ ಸ್ವಲ್ಪ ಹೊತ್ತು ಕಾಯದಿದ್ದರೆ ಹದ ತಿಳಿಯದು. ಉಣ್ಣಿಸುವವರು ನಿಲ್ಲಬಾರದು, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ನಿಂತು ಉಣ್ಣಿಸಿದರೆ ಅವರು ತಲೆ ಮೇಲೆತ್ತುತ್ತಾರೆ, ಹಾಗೆ ಎತ್ತಿದ ಕತ್ತಿನಲ್ಲಿ ನುಂಗುವುದು ಇನ್ನೂ ಅಪಾಯ. ಚಮಚ ಅರ್ಧ ಮಾತ್ರ ತುಂಬಿರಬೇಕು, ಕೆಳಗಿನಿಂದ ಬಾಯಿಯ ಹತ್ತಿರ ತರಬೇಕು, ಅವರಾಗಿ ತುಟಿ ಮುಚ್ಚುವವರೆಗೆ ಕಾಯಬೇಕು. ಆಮೇಲೆ ಗಂಟಲಿನ ಮೇಲೆ ಕಣ್ಣಿಡಬೇಕು. ಗಂಟಲ ಮಣಿ ಒಮ್ಮೆ ಮೇಲೇರಿ ಕೆಳಗಿಳಿದದ್ದು ಕಂಡರೆ ತುತ್ತು ಇಳಿಯಿತೆಂದು ಅರ್ಥ. ಕಾಣದಿದ್ದರೆ ಮುಂದಿನ ಚಮಚ ಎತ್ತುವ ಹಾಗಿಲ್ಲ. ಊಟವಾದ ಮೇಲೂ ಅರ್ಧ ಗಂಟೆ ಅವರು ನೆಟ್ಟಗೆ ಕುಳಿತೇ ಇರಬೇಕು.

ಇಷ್ಟನ್ನೂ ಕಲಿಸಿದವರು ಇಲ್ಲಿನ ಹಿರಿಯ ದಾದಿ. ಅವರು ಒಮ್ಮೆಯೂ ಪ್ರೀತಿ, ಕರುಣೆ ಎಂಬ ಪದಗಳನ್ನು ಬಳಸಲಿಲ್ಲ. ಚಮಚ ಹಿಡಿಯುವ ರೀತಿ, ಕುರ್ಚಿಯ ಎತ್ತರ, ಪುಡಿಯ ಅಳತೆ, ಇವನ್ನಷ್ಟೇ ಮತ್ತೆ ಮತ್ತೆ ತಿದ್ದಿದರು. ನಮ್ಮ ಸಂಡೇ ಸ್ಕೂಲಿನಲ್ಲಿ, ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯನ್ನು ಎಷ್ಟೋ ಸಲ ಅಭಿನಯಿಸಿದ್ದೇವೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಅವನ ಮನಸ್ಸು ಕರಗಿತೆಂಬುದಕ್ಕೇ ನಾವು ಒತ್ತುಕೊಡುತ್ತಿದ್ದೆವು. ಈಗ ಓದಿದರೆ ಅದೇ ವಾಕ್ಯದ ಮುಂದಿನ ಭಾಗ ಎದ್ದುಕಾಣುತ್ತದೆ: ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನದ ಮೇಲೆ ಏರಿಸಿದ, ಛತ್ರದವನಿಗೆ ಹಣ ಕೊಟ್ಟ. ಗಾಯ ಕಟ್ಟಲು ಬರುತ್ತಿದ್ದವನು ಅವನು.

ನವೆಂಬರ್, ಡಿಸೆಂಬರ್

ಬೆಳಗಿನ ತಿಂಡಿಗೆ ಮುಂಚೆ ನಮ್ಮ ಮನೆಯಲ್ಲಿ ಆ ದಿನದ ಬೈಬಲ್ ವಚನ ಓದುತ್ತಾರೆ. ಸ್ಯಾಕ್ಸನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಎಂಬ ಪ್ರಾಟೆಸ್ಟೆಂಟ್ ಪಂಥದ ಸಭೆಯವರು 1731ರಿಂದ ಪ್ರತಿವರ್ಷ ಮುದ್ರಿಸುತ್ತಿರುವ ಪುಟ್ಟ ಪುಸ್ತಕವಿದು. ಹಳೆಯ ಒಡಂಬಡಿಕೆಯ ಸುಮಾರು 1,800 ವಚನಗಳ ಸಂಗ್ರಹದಿಂದ ವರ್ಷದ ಒಂದೊಂದು ದಿನಕ್ಕೂ ಚೀಟಿ ಎತ್ತುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಆರಿಸಿ ಜೊತೆಗಿಡುತ್ತಾರೆ. ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇದು ಹೊರಬರುತ್ತದೆ. ಚೀಟಿಯಲ್ಲಿ ಬಂದ ವಚನವೆಂದರೆ ನನಗೆ ಮೊದಮೊದಲು ಸ್ವಲ್ಪ ಅನುಮಾನವೇ ಇತ್ತು. ಜಾತ್ರೆಯ ಗಿಳಿಶಾಸ್ತ್ರ ನೆನಪಾಗುತ್ತಿತ್ತು. ಈಗ ಅದರ ಅನುಕೂಲ ಕಾಣುತ್ತಿದೆ. ನನ್ನ ಮನಃಸ್ಥಿತಿಗೆ ತಕ್ಕ ವಚನವನ್ನು ನಾನೇ ಹುಡುಕುತ್ತಿದ್ದರೆ ಕೀರ್ತನೆಗಳಲ್ಲಿ ಪರಿಚಿತವಾದ ಐದಾರು ಪುಟ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಇಲ್ಲಿ ಪ್ರವಾದಿ ಹಬಕ್ಕೂಕನೂ ಬರುತ್ತಾನೆ, ಬೈಬಲಿನ ಅರಣ್ಯಕಾಂಡವೂ ಬರುತ್ತದೆ. ಓದುವುದು ಎರಡು ನಿಮಿಷ, ಆಮೇಲೆ ಬ್ರೆಡ್ಡು, ಬೆಣ್ಣೆ, ಔಷಧಿಯ ಡಬ್ಬಿಗಳು.

ಕ್ರಿಸ್ಮಸ್‌ಗೆ ಮುಂಚಿನ ವಾರಗಳಾದ ಆಗಮನ ಕಾಲದಲ್ಲಿ ಅದೇ ಸಭೆಯವರ ಕಾಗದದ ನಕ್ಷತ್ರ ಕಟ್ಟಿದೆವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೊರೇವಿಯನ್ನರ ವಸತಿಶಾಲೆಯಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಹುಟ್ಟಿದ ವಸ್ತುವಂತೆ. ಈಗ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ: ಚೌಕ ಬುಡದ 17 ಮೊನೆಗಳು, ತ್ರಿಕೋನ ಬುಡದ 8 ಮೊನೆಗಳು. ನಮ್ಮ ಮನೆಯ ಒಬ್ಬ ಹೆಂಗಸು ಎಣಿಸಲಾರರು, ಆದರೆ ಚೌಕವನ್ನು ತ್ರಿಕೋನದಿಂದ ಬೇರ್ಪಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಪಿನ್ ಚುಚ್ಚುವ ಕೆಲಸಕ್ಕಷ್ಟೇ ಬಂದೆ.

ಜನವರಿ, ಫೆಬ್ರವರಿ

ಸ್ವಯಂಸೇವಕರಾದ ನಾವು ನಾಲ್ವರು ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಒಬ್ಬಳು ಘಾನಾದವಳು, ಒಬ್ಬಳು ಇಂಡೋನೇಷ್ಯಾದವಳು, ಇನ್ನೊಬ್ಬಳು ಇಲ್ಲಿನವಳೇ. ಕ್ರೈಸ್ತ ಸಹಜೀವನ ಎಂದಾಗ ಮನಸ್ಸಿಗೆ ಬರುವ ಸಂಗತಿಗಳೆಲ್ಲ ಇವೆ: ಭಾನುವಾರ ಸಂಜೆ ಒಟ್ಟಿಗೆ ಊಟ, ಹಾಡು, ಪ್ರಾರ್ಥನೆ. ಆದರೆ ಸಹಜೀವನ ನಿಜವಾಗಿ ನಡೆಯುವುದು ಮೆಟ್ಟಿಲ ಮೇಲೆ. ಈ ಸೀಮೆಯಲ್ಲಿ ಸರದಿಯ ಪ್ರಕಾರ ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ, ಕಸದ ಡಬ್ಬಿಯ ಜಾಗ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ಫಲಕ ನಮ್ಮ ಬಾಗಿಲಿಗೆ ಬಂದ ವಾರ ಹಿಮ ಬಿದ್ದರೆ, ಏಳು ಗಂಟೆಯೊಳಗೆ ಹಾದಿಯ ಹಿಮ ಸರಿಸುವುದೂ ನಮ್ಮದೇ ಪಾಲು. ಯಾರು ಏಳಬೇಕು ಎಂಬ ವಿಷಯದಲ್ಲಿ ನಾಲ್ವರಿಗೂ ಮಾತು ಬಿಟ್ಟುಹೋದ ದಿನಗಳಿವೆ. ಅಂಥ ದಿನ ಸಂಜೆ ಒಟ್ಟಿಗೆ ಕುಳಿತು ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂದು ಹೇಳುವುದು ಬಾಯಿಪಾಠದಷ್ಟು ಸುಲಭವಲ್ಲ.

ಇಲ್ಲಿನ ಹುಡುಗಿ ದೇವರನ್ನು ನಂಬುವುದಿಲ್ಲ. ಅದರಲ್ಲಿ ವಿಶೇಷವೂ ಇಲ್ಲ. 2022ರ ಹೊತ್ತಿಗೆ ಜರ್ಮನಿಯ ಎರಡು ದೊಡ್ಡ ಸಭೆಗಳಾದ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಭೆಗಳ ಸದಸ್ಯರು ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾಗಿದ್ದರು. ಸದಸ್ಯರಾದವರು ಆದಾಯ ತೆರಿಗೆಯ ಮೇಲೆ ಈ ರಾಜ್ಯದಲ್ಲಿ ಶೇ. 8ರಷ್ಟು ಸಭಾ ತೆರಿಗೆ ಕಟ್ಟಬೇಕಾಗಿರುವುದರಿಂದ, ಸಭೆ ಬಿಡುವುದೆಂದರೆ ಕಚೇರಿಗೆ ಹೋಗಿ ಸಹಿ ಹಾಕುವ ವ್ಯವಹಾರ. ನಮ್ಮಲ್ಲಿ ಆರಾಧನೆಗೆ ಬಾರದವರೂ ಸಭೆಯಿಂದ ಹೆಸರು ತೆಗೆಸಿಕೊಳ್ಳುವುದಿಲ್ಲ. ಆಕೆ ಭಾನುವಾರದ ಪ್ರಾರ್ಥನೆಯಲ್ಲಿ ಸುಮ್ಮನೆ ಕೂರುತ್ತಾಳೆ. ಆದರೆ ಕಿಟಕಿ ಪಕ್ಕದ ಹಿರಿಯರು ರಾತ್ರಿ ಚಡಪಡಿಸಿದರೆ, ದಾದಿಯರು ಕರೆಯುವುದು ನನ್ನನ್ನಲ್ಲ, ಅವಳನ್ನು. ಅವಳ ಕೈಯಲ್ಲಿ ಅವರು ಬೇಗ ಸಮಾಧಾನವಾಗುತ್ತಾರೆ. ಹೊರಡುವ ಮುನ್ನ ಸಭೆಯಲ್ಲಿ ನನಗಾಗಿ ಪ್ರಾರ್ಥಿಸಿದವರು, ಅಲ್ಲಿನ ನಾಸ್ತಿಕರಿಗೆ ನಾನು ಸಾಕ್ಷಿಯಾಗಬೇಕೆಂದು ಬೇಡಿಕೊಂಡಿದ್ದರು. ಸದ್ಯಕ್ಕೆ ಕಲಿಯುತ್ತಿರುವವಳು ನಾನೇ ಎಂಬುದನ್ನು ವರದಿಯಲ್ಲಿ ಬಿಡುವುದು ಸರಿಯಲ್ಲ.

ಮಾರ್ಚ್

ಶಿಬಿರದ ಅಂಗವಾಗಿ ನಮ್ಮನ್ನು ಗ್ರಾಫನೆಕ್‌ಗೆ ಕರೆದುಕೊಂಡು ಹೋದರು. ಸ್ವಾಬಿಯನ್ ಬೆಟ್ಟಸಾಲಿನಲ್ಲಿ ಒಂದು ಗುಡ್ಡದ ಮೇಲಿರುವ ಹಳೆಯ ಅರಮನೆ ಅದು. ಅಂಗವಿಕಲರಿಗಾಗಿ ಕ್ರೈಸ್ತ ಸೇವಾಸಂಸ್ಥೆಯೊಂದು ಅಲ್ಲಿ ಮನೆ ನಡೆಸುತ್ತಿತ್ತು. 1939ರ ಅಕ್ಟೋಬರಿನಲ್ಲಿ ನಾಜಿ ಸರ್ಕಾರ ಅದನ್ನು ವಶಪಡಿಸಿಕೊಂಡಿತು. 1940ರ ಜನವರಿಯಿಂದ ಡಿಸೆಂಬರ್‌ವರೆಗೆ, ದಕ್ಷಿಣ ಜರ್ಮನಿಯ ಆಶ್ರಮ, ಆಸ್ಪತ್ರೆಗಳಿಂದ ಬೂದುಬಣ್ಣದ ಬಸ್ಸುಗಳಲ್ಲಿ ತಂದ 10,654 ಮಂದಿಯನ್ನು ಅಲ್ಲಿ ವಿಷಾನಿಲದಿಂದ ಕೊಂದರು. ಎಲ್ಲರೂ ಅಂಗವಿಕಲರು ಅಥವಾ ಮನೋರೋಗಿಗಳು. ನಮ್ಮ ಕಣಿವೆಯ ಸ್ಟೆಟ್ಟೆನ್ ಊರಿನ ಕ್ರೈಸ್ತ ಆಶ್ರಮದಿಂದಲೇ ಮುನ್ನೂರಕ್ಕೂ ಹೆಚ್ಚು ಜನರನ್ನು ಹಾಗೆ ಒಯ್ದರು.

ಇದೆಲ್ಲ ಶುರುವಾದದ್ದು ಒಂದು ನಮೂನೆಯ ಕಾಗದದಿಂದ. ಬರ್ಲಿನ್‌ನಿಂದ ಬಂದ ಆ ನಮೂನೆಯಲ್ಲಿ ಪ್ರತಿಯೊಬ್ಬರ ಹೆಸರು, ಕಾಯಿಲೆ, ಎಷ್ಟು ಕಾಲದಿಂದ ಇದ್ದಾರೆ, ಏನು ಕೆಲಸ ಮಾಡಬಲ್ಲರು ಎಂದು ತುಂಬಿ ಕಳುಹಿಸಬೇಕಾಗಿತ್ತು. ಕಿಟಕಿ ಪಕ್ಕದ ಹಿರಿಯರ ವಿಷಯದಲ್ಲಿ ಕೊನೆಯ ಪ್ರಶ್ನೆಗೆ ನಾನು ಏನು ಬರೆಯುತ್ತಿದ್ದೆನೆಂದು ಯೋಚಿಸದೆ ಇರಲು ಆಗಲಿಲ್ಲ. ವ್ಯೂರ್ಟೆಂಬರ್ಗ್ ಪ್ರಾಂತದ ಬಿಷಪ್ ಥಿಯೋಫಿಲ್ ವುರ್ಮ್ ಅವರು 1940ರ ಜುಲೈನಲ್ಲಿ ಒಳಾಡಳಿತ ಸಚಿವರಿಗೆ ಪತ್ರ ಬರೆದು ಇದನ್ನು ವಿರೋಧಿಸಿದರು. ಆ ಹೊತ್ತಿಗೆ ಬಸ್ಸುಗಳು ಓಡಾಡಲು ತೊಡಗಿ ಅರ್ಧ ವರ್ಷವಾಗಿತ್ತು. ಕೊಲೆ ನಡೆದ ಕಟ್ಟಡ ಈಗಿಲ್ಲ. ಸ್ಮಾರಕವಿದೆ, ದಾಖಲೆಗಳ ಕೇಂದ್ರವಿದೆ. ಗುಡ್ಡದ ಮೇಲೆ ಇಂದಿಗೂ ಅಂಗವಿಕಲರು ವಾಸಿಸುತ್ತಾರೆ. ನಾವು ಹೋದಾಗ ಅವರಲ್ಲಿ ಒಬ್ಬರು ನಮ್ಮ ಬಸ್ಸಿನ ಚಾಲಕನಿಗೆ ಕೈಬೀಸಿ, ಎಲ್ಲಿ ನಿಲ್ಲಿಸಬೇಕೆಂದು ತೋರಿಸಿದರು.

ಆ ವಾರ ಬೆಳಗಿನ ವಚನ ಓದುವ ಸರದಿ ನನ್ನದಾಗಿತ್ತು. ಓದಿದೆ, ವಿವರಣೆಗೆ ಹೋಗಲಿಲ್ಲ. ಭಕ್ತಿಯ ವಾತಾವರಣವಿದ್ದ ಮನೆಗಳಿಂದಲೇ ಆ ಜನರನ್ನು ಒಯ್ದರೆಂಬ ಸಂಗತಿ ತಿಳಿದ ಮೇಲೆ, ಪ್ರಾರ್ಥನೆ ಚೆನ್ನಾಗಿ ನಡೆಯಿತು ಎಂಬ ಮಾತನ್ನು ನಾನು ಮೊದಲಿನಷ್ಟು ಸಲೀಸಾಗಿ ಆಡುವುದಿಲ್ಲ.

ಏಪ್ರಿಲ್, ಮೇ

ರಜೆಯಲ್ಲಿ ಎಸ್ಲಿಂಗನ್ ಮತ್ತು ಟ್ಯೂಬಿಂಗನ್ ನೋಡಿಬಂದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್ನಿನಲ್ಲಿ, ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ. ಚಿತ್ರಗಳನ್ನು ಬೇರೆಯಾಗಿ ಕಳುಹಿಸಿದ್ದೇನೆ.

ಪುನರುತ್ಥಾನದ ಹಬ್ಬ (ಈಸ್ಟರ್) ಕಳೆದ ಮೇಲೆ, ಹಾಸಿಗೆಯಿಂದ ಗಾಲಿಕುರ್ಚಿಗೆ ಜನರನ್ನು ವರ್ಗಾಯಿಸುವ ತರಬೇತಿ ಮುಗಿಯಿತು. ಸೊಂಟದಿಂದ ಎತ್ತಬಾರದು, ಮೊಣಕಾಲು ಮಡಚಿ ಅವರ ಭಾರವನ್ನು ನಮ್ಮ ಹತ್ತಿರಕ್ಕೆ ತಂದುಕೊಳ್ಳಬೇಕು. ಅದಕ್ಕೂ ಮೊದಲು ಕುರ್ಚಿಯ ಬ್ರೇಕ್ ಹಾಕಿದೆಯೇ ಎಂದು ನೋಡಬೇಕು. ಇಲ್ಲಿ ಎತ್ತುವ ಯಂತ್ರವಿದೆ. ಬೆಟಗೇರಿಯ ಮನೆಗಳಲ್ಲಿ ಇರುವುದಿಲ್ಲವಾದ್ದರಿಂದ, ಜಾರುವ ಬಟ್ಟೆಯನ್ನು ಮೈಕೆಳಗೆ ಹಾಸಿ ಇಬ್ಬರು ಸೇರಿ ಸರಿಸುವ ವಿಧಾನವನ್ನು ಬೇರೆಯಾಗಿ ಹೇಳಿಸಿಕೊಂಡಿದ್ದೇನೆ. ಗಟ್ಟಿ ನೈಲಾನ್ ಬಟ್ಟೆಯಿಂದ ನಮ್ಮ ದರ್ಜಿಯೇ ಅದನ್ನು ಹೊಲಿದುಕೊಡಬಹುದು, ಅಳತೆ ಬರೆದಿಟ್ಟಿದ್ದೇನೆ.

ಉಳಿದ ತಿಂಗಳುಗಳಲ್ಲಿ ಎರಡು ಕೆಲಸ ಬಾಕಿ ಇವೆ. ಮುಂದಿನ ಸ್ವಯಂಸೇವಕರಿಗಾಗಿ ನಮ್ಮ ಮನೆಯ ಒಬ್ಬೊಬ್ಬರ ಊಟ, ಔಷಧಿ, ಇಷ್ಟಾನಿಷ್ಟಗಳ ಟಿಪ್ಪಣಿ ಸಿದ್ಧಪಡಿಸಬೇಕು. ಎರಡನೆಯದಕ್ಕೆ ಸಭೆಯ ಹಿರಿಯರ ನೆರವು ಬೇಕು. ನಮ್ಮಲ್ಲಿ ಹಾಸಿಗೆ ಹಿಡಿದವರ ಮನೆಗೆ ಸಭಾಪಾಲಕರು ಹೋಗಿ ಪ್ರಾರ್ಥಿಸಿ ಬರುತ್ತಾರೆ. ಅವರನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಸರಿಯಾಗಿ ಉಣ್ಣಿಸುವುದು ಮನೆಯ ಹೆಂಗಸರಿಗೆ ಬಿಟ್ಟದ್ದು, ಅವರಿಗೆ ಯಾರೂ ಕಲಿಸಿಲ್ಲ. ಯುವಕ ಸಂಘದಲ್ಲಿ ಆಸಕ್ತಿಯಿರುವವರಿಗೆ, ಹುಡುಗರನ್ನೂ ಸೇರಿಸಿ, ಶನಿವಾರಗಳಂದು ಈ ಕೆಲಸ ಕಲಿಸಬೇಕೆಂದಿದ್ದೇನೆ. ಮಿಷನ್ ಆಸ್ಪತ್ರೆಯ ನಿವೃತ್ತ ದಾದಿಯರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಅಂಥ ಮನೆಗಳ ಪಟ್ಟಿಯನ್ನು, ಮನೆಯವರ ಒಪ್ಪಿಗೆ ಕೇಳಿಕೊಂಡು, ಆಗಸ್ಟ್ ಒಳಗೆ ಕಳುಹಿಸಿಕೊಟ್ಟರೆ ಎಷ್ಟು ಬಟ್ಟೆ ಹೊಲಿಸಬೇಕೆಂದು ಅಂದಾಜು ಮಾಡಲು ಅನುಕೂಲವಾಗುತ್ತದೆ.