ಹಳೆ ಇಸಿಎಂ ಯಾಕೆ ಸತ್ತಿತೆಂದು ತಿಳಿಯದೆ ಹೊಸದನ್ನು ಕೂರಿಸಬೇಡಿ

ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಸ್ಕ್ಯಾನರ್‌ಗೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್ (ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್) ಸಿಗುತ್ತಿಲ್ಲ. ಇಷ್ಟು ಕಂಡ ಕೂಡಲೇ "ಇಸಿಎಂ ಹೋಗಿದೆ" ಎಂದು ತೀರ್ಪು ಕೊಡುವುದು ಸುಲಭ. ಪರೀಕ್ಷೆಗೆ ಕೂತರೆ ಆ ತೀರ್ಪು ಬಹಳ ಸಲ ಸುಳ್ಳಾಗುತ್ತದೆ. ಫ್ಯೂಸಿನಿಂದ ಆಚೆ ಕರೆಂಟೇ ಹೋಗಿರುವುದಿಲ್ಲ, ಅರ್ತ್ ಬೋಲ್ಟಿನ ಅಡಿ ತುಕ್ಕು ಕೂತಿರುತ್ತದೆ, ಇಲ್ಲವೇ ಯಾವುದೋ ಒಂದು ಸೆನ್ಸರ್ ಇಡೀ 5 ವೋಲ್ಟ್ ಲೈನನ್ನೇ ನೆಲಕ್ಕೆ ಎಳೆದಿರುತ್ತದೆ. ನಿಜಕ್ಕೂ ಸತ್ತಿದ್ದರೂ ಅದನ್ನು ಕೊಂದ ಕಾರಣ ಹೆಚ್ಚಾಗಿ ಡಬ್ಬಿಯ ಹೊರಗೇ ಇರುತ್ತದೆ. ಅದನ್ನು ಹಾಗೇ ಬಿಟ್ಟು ಹೊಸದನ್ನು ಹಾಕಿದರೆ ಹೊಸದಕ್ಕೂ ಅದೇ ಗತಿ.

ಮೊದಲು ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ಗಳ ವಿಷಯ. ಪಿ0601, ಪಿ0604, ಪಿ0605, ಪಿ0606 ಇವು ಇಸಿಎಂ ತನ್ನೊಳಗಿನ ಮೆಮೊರಿ ಅಥವಾ ಪ್ರೊಸೆಸರ್ ಬಗ್ಗೆ ತಾನೇ ಕೊಡುವ ದೂರು. ಇವನ್ನು ನೋಡಿಯೂ ತಕ್ಷಣ ಆರ್ಡರ್ ಮಾಡಬೇಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಇಸಿಎಂ ರೀಸೆಟ್ ಆದರೂ ಇಂಥ ಕೋಡ್ ಬರಬಹುದು. ಪಿ0602 ಪ್ರೋಗ್ರಾಮಿಂಗ್ ಅರ್ಧಕ್ಕೆ ನಿಂತದ್ದರ ಗುರುತೂ ಆಗಿರಬಹುದು, ಸಾಫ್ಟ್‌ವೇರ್ ಮತ್ತೆ ಬರೆದರೆ ಸರಿಹೋದೀತು. ಪಿ0641 ಮತ್ತು ಪಿ0651 ಹೇಳುವುದು ಸೆನ್ಸರ್‌ಗಳಿಗೆ ಇಸಿಎಂ ಕೊಡುವ 5 ವೋಲ್ಟ್, ಅಂದರೆ ರೆಫರೆನ್ಸ್ ವೋಲ್ಟೇಜ್ ಬಗ್ಗೆ. ಬೇರೆ ಮಾಡ್ಯೂಲ್‌ಗಳಲ್ಲಿ ಯು0100 ಇದ್ದರೆ ಎಂಜಿನ್ ಮಾಡ್ಯೂಲಿನ ಮಾತು ಅವಕ್ಕೆ ಕೇಳಿಸುತ್ತಿಲ್ಲ ಎಂದರ್ಥ. ಯಾಕೆ ಕೇಳಿಸುತ್ತಿಲ್ಲ ಎಂಬುದು ಆ ಕೋಡಿನಲ್ಲಿ ಇರುವುದಿಲ್ಲ.

ಚೆಕ್ ಎಂಜಿನ್ ದೀಪವನ್ನು ನಂಬುವಾಗಲೂ ಎಚ್ಚರ ಬೇಕು. ಹಳೆಯ ಗಾಡಿಗಳಲ್ಲಿ ಆ ದೀಪಕ್ಕೆ ಇಸಿಎಂ ನೇರವಾಗಿ ಅರ್ತ್ ಕೊಡುತ್ತಿತ್ತು. ಇಗ್ನಿಷನ್ ಆನ್ ಮಾಡಿದಾಗ ದೀಪ ಬಾರದಿದ್ದರೆ ಇಸಿಎಂಗೆ ಜೀವವಿಲ್ಲ ಅಥವಾ ಕರೆಂಟ್ ಇಲ್ಲ ಎಂದು ಅನುಮಾನಿಸಬಹುದಿತ್ತು. ಕ್ಯಾನ್ ಲೈನಿನ (ಮಾಡ್ಯೂಲ್‌ಗಳು ತಮ್ಮೊಳಗೆ ಮಾತಾಡುವ ಎರಡು ವೈರಿನ ಜಾಲ) ಗಾಡಿಗಳಲ್ಲಿ ಮೀಟರ್ ಕ್ಲಸ್ಟರ್ ತಾನೇ ದೀಪ ಹೊತ್ತಿಸಬಲ್ಲದು. ಅಲ್ಲಿ ದೀಪ ಉರಿದರೆ ಇಸಿಎಂ ಬದುಕಿದೆ ಎಂಬ ಲೆಕ್ಕ ನಡೆಯುವುದಿಲ್ಲ.

ಕೆಲಸ ಶುರುವಾಗಬೇಕಾದ್ದು ಬ್ಯಾಟರಿಯಿಂದ. ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಸರ್ಕ್ಯೂಟ್ ಡಯಾಗ್ರಾಂ ಮುಂದಿಟ್ಟುಕೊಂಡು ಇಸಿಎಂ ಕಪ್ಲರ್‌ನಲ್ಲಿ (ವೈರ್‌ಗಳು ಬಂದು ಸೇರುವ ಪ್ಲಗ್) ಮೂರು ಬಗೆಯ ಪಿನ್ ಗುರುತಿಸಿ: ಸದಾ ಬ್ಯಾಟರಿ ಕರೆಂಟ್ ಇರುವುದು, ಇಗ್ನಿಷನ್ ಆನ್ ಮಾಡಿದಾಗ ಬರುವುದು, ಮೇನ್ ರಿಲೇಯಿಂದ (ಮುಖ್ಯ ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್) ಬರುವುದು. ಇವಲ್ಲದೆ ಅರ್ತ್ ಪಿನ್‌ಗಳು ಎರಡೋ ಮೂರೋ ಇರುತ್ತವೆ, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು.

ಇಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಿದವರು ಮೋಸ ಹೋಗುತ್ತಾರೆ. ವೈರಿನಲ್ಲಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಓಮ್‌ನಲ್ಲಿ ನೋಡಿದರೆ ಸೊನ್ನೆ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಅಷ್ಟು ಅಲ್ಪ. ಲೋಡ್ ಬಿದ್ದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಇಸಿಎಂ ಕಪ್ಲರ್ ಕಳಚಿ, ಹಾರ್ನೆಸ್ (ವೈರ್‌ಗಳ ಕಟ್ಟು) ಬದಿಯ ಸಪ್ಲೈ ಪಿನ್‌ಗೂ ಅರ್ತ್ ಪಿನ್‌ಗೂ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಿಡಿಯಿರಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಪೂರ್ತಿ ಬೆಳಕು ಬಂದರೆ ಲೈನ್ ಸರಿ, ಮಂಕಾದರೆ ದೋಷ ಅಲ್ಲೇ ಇದೆ. ಅನೇಕ ಗಾಡಿಗಳಲ್ಲಿ ಮೇನ್ ರಿಲೇಯನ್ನು ಎಳೆಯುವುದೇ ಇಸಿಎಂ. ಹಾಗಾಗಿ ಅದು ಕಳಚಿದ್ದಾಗ ಆ ಪಿನ್‌ಗೆ ಕರೆಂಟ್ ಬರುವುದಿಲ್ಲ. ರಿಲೇ ತೆಗೆದು ಸಾಕೆಟ್‌ನ 30 ಮತ್ತು 87ನ್ನು ಫ್ಯೂಸ್ ಇರುವ ವೈರಿನಿಂದ ಜೋಡಿಸಿ ನೋಡಬೇಕು. ಬಲ್ಬ್ ಹಿಡಿಯುವುದು ಸಪ್ಲೈ ಮತ್ತು ಅರ್ತ್ ಪಿನ್‌ಗಳಿಗೆ ಮಾತ್ರ, ಸೆನ್ಸರ್ ಅಥವಾ ಕ್ಯಾನ್ ಪಿನ್‌ಗಳಿಗೆ ಎಂದಿಗೂ ಅಲ್ಲ. ಇನ್ನೊಂದು ಮಾತು, ಮೀಟರಿನ ದಪ್ಪ ಪ್ರೋಬನ್ನು ಹೆಣ್ಣು ಟರ್ಮಿನಲ್‌ಗೆ ತುರುಕಬೇಡಿ. ಅದು ಒಮ್ಮೆ ಅಗಲವಾದರೆ ನೀವೇ ಒಂದು ಹೊಸ ದೋಷ ಮಾಡಿದಂತೆ, ಅದೂ ಬಂದು ಹೋಗುವ ಜಾತಿಯದ್ದು.

ಅರ್ತ್‌ಗೆ ವೋಲ್ಟೇಜ್ ಡ್ರಾಪ್ ಪರೀಕ್ಷೆಯೇ ಆಗಬೇಕು. ಎಲ್ಲವನ್ನೂ ಜೋಡಿಸಿ, ಎಂಜಿನ್ ಓಡುವಂತಿದ್ದರೆ ಓಡಿಸಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ. ಮೀಟರಿನ ಕಪ್ಪು ವೈರ್ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕೆಂಪು ವೈರ್ ಇಸಿಎಂ ಅರ್ತ್ ಪಿನ್ನಿಗೆ ಕಪ್ಲರಿನ ಹಿಂದಿನಿಂದ. 0.1 ವೋಲ್ಟ್ ದಾಟಬಾರದು. ದಾಟಿದರೆ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಬಿಗಿ ಮಾಡಿ ಮತ್ತೆ ಅಳೆಯಿರಿ. ಸೆನ್ಸರ್‌ಗಳ ಅಂಕಿಗಳೆಲ್ಲ ಒಟ್ಟಿಗೇ ವಿಚಿತ್ರವಾಗಿ ಕಾಣುತ್ತಿದ್ದರೆ ನಾನು ಮೊದಲು ನೋಡುವ ಜಾಗ ಇದೇ.

ಮುಂದೆ 5 ವೋಲ್ಟ್ ರೆಫರೆನ್ಸ್. ಥ್ರಾಟಲ್, ಮ್ಯಾಪ್ ಸೆನ್ಸರ್ (ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವುದು), ಎಕ್ಸಲರೇಟರ್ ಪೆಡಲ್, ಇಂಧನ ಒತ್ತಡದ ಸೆನ್ಸರ್, ಎಸಿ ಗ್ಯಾಸ್ ಒತ್ತಡದ ಸೆನ್ಸರ್, ಹೀಗೆ ಹಲವು ಸೆನ್ಸರ್‌ಗಳು ಈ ಲೈನನ್ನು ಹಂಚಿಕೊಂಡಿರುತ್ತವೆ. ಒಂದು ಒಳಗೇ ಶಾರ್ಟ್ ಆದರೆ ಉಳಿದವೂ ಮಲಗುತ್ತವೆ. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಸಂಪರ್ಕವೂ ತಪ್ಪಿ, ಇಸಿಎಂ ಸತ್ತಂತೆಯೇ ಕಾಣುತ್ತದೆ. ಯಾವುದಾದರೂ ಸೆನ್ಸರ್ ಕಪ್ಲರ್‌ನಲ್ಲಿ ಮೀಟರ್ ಇಟ್ಟು ಒಂದೊಂದೇ ಸೆನ್ಸರ್ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ಓದು 5 ವೋಲ್ಟ್‌ಗೆ ಮರಳುತ್ತದೋ ಅದೇ ಕಳ್ಳ. ಎಲ್ಲ ಕಳಚಿದರೂ ಏಳದಿದ್ದರೆ ಆ ಲೈನಿನ ವೈರನ್ನು ಇಸಿಎಂ ಬದಿಯಲ್ಲಿ ಬೇರೆ ಮಾಡಿ ನೋಡಿ. ಆಗ ಪಿನ್ನಿನಲ್ಲಿ 5 ವೋಲ್ಟ್ ಬಂದರೆ ಹಾರ್ನೆಸ್ ದೋಷ. ಸಪ್ಲೈ, ಅರ್ತ್ ಎರಡೂ ಗಟ್ಟಿಯಿದ್ದು ಪಿನ್ನಿನಲ್ಲೇ 5 ವೋಲ್ಟ್ ಬಾರದಿದ್ದರೆ ಮಾತ್ರ ಇಸಿಎಂ ಕಡೆ ಬೆರಳು ತೋರಿಸಬಹುದು.

ಕ್ಯಾನ್ ಲೈನ್ ನೋಡಲು ಬ್ಯಾಟರಿ ಕಳಚಿ, ಒಬಿಡಿ ಸಾಕೆಟ್‌ನ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಎರಡು ತುದಿಗಳ 120 ಓಮ್ ರೆಸಿಸ್ಟರ್ ಸೇರಿ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಅನೇಕ ಗಾಡಿಗಳಲ್ಲಿ ಆ ಎರಡರಲ್ಲಿ ಒಂದು ಇಸಿಎಂ ಒಳಗೇ ಇರುತ್ತದೆ ಎಂಬುದು ನೆನಪಿರಲಿ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ನಡುವೆ ಗೇಟ್‌ವೇ (ಜಾಲಗಳ ನಡುವೆ ಸಂದೇಶ ದಾಟಿಸುವ ಮಾಡ್ಯೂಲ್) ಇರುವ ಗಾಡಿಗಳಲ್ಲಿ ಸಾಕೆಟ್‌ನಲ್ಲಿ ಸಿಗುವ ಅಂಕಿ ಗೇಟ್‌ವೇವರೆಗಿನದು ಮಾತ್ರ, ಎಂಜಿನ್ ಬದಿಯ ಲೈನನ್ನು ಬೇರೆಯಾಗಿ ಅಳೆಯಬೇಕು.

ಇಷ್ಟೆಲ್ಲ ಸರಿಯಿದ್ದು ಒಂದೇ ಸಿಲಿಂಡರ್ ಮಿಸ್ಸಿಂಗ್ ಇದ್ದರೆ ಇಸಿಎಂ ಒಳಗಿನ ಡ್ರೈವರ್ ಟ್ರಾನ್ಸಿಸ್ಟರ್ (ಇಂಜೆಕ್ಟರ್ ಅಥವಾ ಕಾಯಿಲನ್ನು ಆನ್-ಆಫ್ ಮಾಡುವ ಸ್ವಿಚ್) ಸುಟ್ಟಿರಬಹುದು. ಸಾಮಾನ್ಯ ಪೆಟ್ರೋಲ್ ಪೋರ್ಟ್ ಇಂಜೆಕ್ಟರ್ ಕಪ್ಲರ್‌ಗೆ ನಾಯ್ಡ್ ಲೈಟ್ (ಇಂಜೆಕ್ಟರ್ ಬದಲು ಸಿಕ್ಕಿಸುವ ಪರೀಕ್ಷಾ ಬಲ್ಬ್) ಹಾಕಿ ಸೆಲ್ಫ್ ಹೊಡೆಯಿರಿ. ಅದು ಮಿನುಗದಿದ್ದರೆ ಮೊದಲು ಇಂಜೆಕ್ಟರ್‌ಗೆ ಬರುವ 12 ವೋಲ್ಟ್ ನೋಡಿ, ಆಮೇಲೆ ಅಲ್ಲಿಂದ ಇಸಿಎಂ ಪಿನ್‌ವರೆಗಿನ ವೈರ್ ಕಡಿದಿದೆಯೇ, ಬಾಡಿಗೆ ತಾಗಿದೆಯೇ ಎಂದು ಪರೀಕ್ಷಿಸಿ. ಎರಡೂ ಸರಿಯಿದ್ದರೆ ಡ್ರೈವರ್ ಹೋಗಿದೆ. ಲೈಟ್ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಸೆಲ್ಫ್ ನಿಲ್ಲಿಸಿ. ವೈರ್ ಬಾಡಿಗೆ ತಾಗಿದೆ ಇಲ್ಲವೇ ಡ್ರೈವರ್ ಶಾರ್ಟ್ ಆಗಿ ಇಂಜೆಕ್ಟರ್ ತೆರೆದೇ ಇದೆ. ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ನೇರ ಇಂಜೆಕ್ಷನ್ ಪೆಟ್ರೋಲ್ ಎಂಜಿನ್‌ಗೂ ಕಾಮನ್ ರೈಲ್ ಡೀಸೆಲ್‌ಗೂ ಈ ಲೈಟ್ ಪರೀಕ್ಷೆ ಬೇಡ. ಮೊದಲನೆಯದರಲ್ಲಿ 65 ವೋಲ್ಟ್ ಆಸುಪಾಸು, ಪಿಯೆಜೊ ಇಂಜೆಕ್ಟರ್ ಇರುವ ಡೀಸೆಲ್‌ನಲ್ಲಿ 100 ದಾಟಿಯೂ ಇರುತ್ತದೆ. ಅಲ್ಲಿ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಮತ್ತು ಕರೆಂಟ್ ಕ್ಲಾಂಪ್ ಮಾತ್ರ.

ಡ್ರೈವರ್ ಯಾಕೆ ಸುಟ್ಟಿತು ಎಂಬುದಕ್ಕೆ ಉತ್ತರ ಸಿಗುವವರೆಗೆ ಹೊಸ ಇಸಿಎಂ ಪೊಟ್ಟಣ ಒಡೆಯಬೇಡಿ. ಪೋರ್ಟ್ ಇಂಜೆಕ್ಟರ್‌ಗಳು ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತವೆ. ಒಂದು ಮಾತ್ರ 3 ಓಮ್ ತೋರಿಸಿದರೆ ಕೊಲೆಗಾರ ಸಿಕ್ಕಂತೆ. ಇಗ್ನಿಷನ್ ಕಾಯಿಲ್, ಪರ್ಜ್ ಸೊಲೆನಾಯ್ಡ್ (ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್), ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್), ಇಸಿಎಂ ಎಳೆಯುವ ರಿಲೇಗಳ ಕಾಯಿಲ್ ಎಲ್ಲವನ್ನೂ ಅಳೆದು ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಿ. ಬಿಸಿಯಾದಾಗ ಮಾತ್ರ ಶಾರ್ಟ್ ಆಗುವ ಕಾಯಿಲ್‌ಗಳೂ ಉಂಟು, ತಣ್ಣಗಿದ್ದಾಗ ಅಳೆದು ಕೈತೊಳೆದುಕೊಂಡರೆ ಸಾಲದು. ಡಯೋಡ್ ಇರುವ ರಿಲೇ ಜಾಗದಲ್ಲಿ ಡಯೋಡ್ ಇಲ್ಲದ್ದನ್ನು ಹಾಕಿದ್ದರೂ ಪ್ರತಿ ಸಲ ಆಫ್ ಆಗುವಾಗ ಅದರ ಏಟು ಇಸಿಎಂಗೇ ಬೀಳುತ್ತದೆ. ಉಳಿದ ಕಾರಣಗಳು ಗೊತ್ತಿರುವವೇ: ಬ್ಯಾಟರಿ ಉಲ್ಟಾ ಜೋಡಿಸಿದ್ದು, ಕಪ್ಲರ್ ಕಳಚದೆ ಬಾಡಿಗೆ ವೆಲ್ಡಿಂಗ್ ಮಾಡಿದ್ದು, ಹದ ತಪ್ಪಿ 16 ವೋಲ್ಟ್ ದಾಟಿಸಿದ ಆಲ್ಟರ್ನೇಟರ್.

ನೀರಿನದು ಬೇರೆಯೇ ಕಥೆ. ಕಪ್ಲರ್‌ನಲ್ಲಿ ಹಸಿರು ಕಿಲುಬು ಕಂಡರೆ ನೀರು ಎಲ್ಲಿಂದ ಬಂತೆಂದು ಹುಡುಕಲೇಬೇಕು: ಗಾಜಿನ ಕೆಳಗಿನ ಚರಂಡಿ ಕಟ್ಟಿದೆಯೇ, ಸೀಲ್ ಹರಿದಿದೆಯೇ, ಹಾರ್ನೆಸ್ ಮೇಲಿನಿಂದ ಇಳಿದು ಬರುತ್ತಿದೆಯೇ. ಕ್ಯಾಮ್ ಸೆನ್ಸರ್ ಅಥವಾ ವಾಲ್ವ್ ಟೈಮಿಂಗ್ ಸೊಲೆನಾಯ್ಡ್ ಒಳಗಿನಿಂದ ಸೋರಿದರೆ ಎಂಜಿನ್ ಆಯಿಲ್ ವೈರಿನ ಎಳೆಗಳ ಸಂದಿಯಲ್ಲೇ ಏರಿ ಇಸಿಎಂ ಕಪ್ಲರ್‌ವರೆಗೆ ಬರುತ್ತದೆ. ಕಪ್ಲರ್ ಒರೆಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಎಣ್ಣೆ. ಸೆನ್ಸರ್ ಬದಲಿಸಿ ಆ ವೈರಿನ ತುಂಡನ್ನೂ ಬದಲಿಸಬೇಕು.

ಇನ್ನು ಬದಲಿಸುವ ಕೆಲಸ. ಹಳೆಯದರ ಮೇಲಿನ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡನ್ನೂ ಫೋಟೋ ತೆಗೆದಿಡಿ, ಆಕಾರ ಮತ್ತು ಕಪ್ಲರ್ ಹೊಂದಿದರೆ ಸಾಲದು. ಹಳೆಯದು ಇನ್ನೂ ಸ್ಕ್ಯಾನರ್‌ಗೆ ಸಿಗುತ್ತಿದ್ದರೆ ಚಾಸಿಸ್ ನಂಬರ್, ಕೋಡಿಂಗ್, ಡೀಸೆಲ್ ಆದರೆ ಇಂಜೆಕ್ಟರ್ ಕೋಡ್‌ಗಳು, ಡಿಪಿಎಫ್‌ನ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬೂದಿಯ ಲೆಕ್ಕ ಎಲ್ಲವನ್ನೂ ಈಗಲೇ ಉಳಿಸಿಕೊಳ್ಳಿ. ಪೂರ್ತಿ ಸತ್ತಿದ್ದರೆ ಇಂಜೆಕ್ಟರ್ ಕೋಡನ್ನು ಇಂಜೆಕ್ಟರ್ ತಲೆಯ ಮೇಲೆ ಓದಿಕೊಳ್ಳಬಹುದು. ಪರೀಕ್ಷೆಗೆಂದು ಬೇರೆ ಗಾಡಿಯ ಇಸಿಎಂ ತಂದು "ಒಂದ್ಸಲ ಹಾಕಿ ನೋಡೋಣ" ಎನ್ನುವ ಅಭ್ಯಾಸ ಬಿಡಿ. ಇಮ್ಮೊಬಿಲೈಸರ್ (ಕೀ ಗುರುತಿಸಿ ಕಳ್ಳತನ ತಡೆಯುವ ವ್ಯವಸ್ಥೆ) ಸ್ಟಾರ್ಟ್ ಆಗಗೊಡುವುದಿಲ್ಲ, ಹೊರಗೆ ಶಾರ್ಟ್ ಉಳಿದಿದ್ದರೆ ಆ ಒಳ್ಳೆಯದೂ ಸುಡುತ್ತದೆ.

ಇಗ್ನಿಷನ್ ಆಫ್ ಮಾಡಿದ ಮೇಲೂ ಇಸಿಎಂ ಮೇನ್ ರಿಲೇಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಮೆಮೊರಿ ಬರೆಯುತ್ತದೆ. ಕೆಲವು ನಿಮಿಷ ಕಾದು, ಬ್ಯಾಟರಿಯ ನೆಗೆಟಿವ್ ತೆಗೆದು, ಆಮೇಲೆ ಕಪ್ಲರ್ ಲಿವರ್ ಎತ್ತಿ. ಪಿನ್‌ಗಳಿಗೆ ಬೆರಳು ತಾಗಿಸಬೇಡಿ, ಕೈಗೆ ಆಂಟಿ ಸ್ಟ್ಯಾಟಿಕ್ ಪಟ್ಟಿ ಇರಲಿ. ಹೊಸದನ್ನು ಕೂರಿಸುವಾಗ ಲಿವರ್ ಹಗುರವಾಗಿ ಇಳಿಯಬೇಕು. ಬಿಗಿಯೆನಿಸಿದರೆ ಒತ್ತಬೇಡಿ, ಯಾವುದೋ ಪಿನ್ ಬಾಗಿರುತ್ತದೆ. ಬಾಡಿಗೆ ಹಿಡಿಸುವ ಬೋಲ್ಟ್‌ಗಳಲ್ಲಿ ಒಂದನ್ನೂ ಬಿಡಬೇಡಿ, ಕೆಲವು ಇಸಿಎಂಗಳಿಗೆ ಡಬ್ಬಿಯೇ ಅರ್ತ್.

ಪ್ರೋಗ್ರಾಮಿಂಗ್ ಹೊತ್ತಿಗೆ ಬ್ಯಾಟರಿಗೆ ಸುಮಾರು 13.5 ವೋಲ್ಟ್ ಸ್ಥಿರವಾಗಿ ಕೊಡುವ ಪವರ್ ಸಪ್ಲೈ ಜೋಡಿಸಿ. ಸಾಮಾನ್ಯ ಚಾರ್ಜರ್‌ನ ವೋಲ್ಟೇಜ್ ಏರಿಳಿಯುತ್ತದೆ, ಅದು ಬೇಡ. ಬ್ಲೋವರ್, ಹೆಡ್‌ಲೈಟ್ ಎಲ್ಲ ಆಫ್, ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ, ಅದರ ಸ್ಲೀಪ್ ಆಫ್ ಇರಲಿ, ಬ್ಲೂಟೂತ್ ಬದಲು ಕೇಬಲ್ ಬಳಸಿ. ನಡುವೆ ನಿಂತರೆ ಗಾಬರಿಯಿಂದ ಬ್ಯಾಟರಿ ಕೀಳಬೇಡಿ. ಇಸಿಎಂ ಏಳಲು ಬೇಕಾದ ಮೂಲ ಸಾಫ್ಟ್‌ವೇರ್, ಅಂದರೆ ಬೂಟ್ ಭಾಗ, ಉಳಿದಿದ್ದರೆ ಮತ್ತೆ ಶುರು ಮಾಡಬಹುದು.

ಎಂಜಿನ್ ಹತ್ತಿ ಒಂದೆರಡು ಸೆಕೆಂಡಿಗೆ ನಿಂತು ಸೆಕ್ಯುರಿಟಿ ದೀಪ ಮಿನುಗಿದರೆ ಇಮ್ಮೊಬಿಲೈಸರ್ ಜೋಡಣೆ ಬಾಕಿಯಿದೆ. ಅದು ಮುಗಿದ ಮೇಲೆ ಥ್ರಾಟಲ್ ಮತ್ತು ಐಡಲ್ ಲರ್ನಿಂಗ್, ಬೇಡುವ ಗಾಡಿಗಳಿಗೆ ಕ್ರ್ಯಾಂಕ್ ವೇರಿಯೇಷನ್ ಲರ್ನಿಂಗ್ (ಕ್ರ್ಯಾಂಕ್ ಸೆನ್ಸರ್ ಓದಿನ ಸಣ್ಣ ವ್ಯತ್ಯಾಸವನ್ನು ಇಸಿಎಂಗೆ ಕಲಿಸುವುದು; ಬಿಟ್ಟರೆ ಪಿ0315 ಬರಬಹುದು), ಇಂಜೆಕ್ಟರ್ ಕೋಡ್ ಬರೆಯುವುದು. ಡಿಪಿಎಫ್ ಬೂದಿಯ ಲೆಕ್ಕವನ್ನು ಸೊನ್ನೆಯಲ್ಲೇ ಬಿಟ್ಟರೆ ಮುಂದೆ ಫಿಲ್ಟರ್ ಕಟ್ಟಿಕೊಂಡರೂ ಇಸಿಎಂಗೆ ತಡವಾಗಿ ಗೊತ್ತಾಗುತ್ತದೆ.

ಕೊನೆಗೆ ಚಾರ್ಜಿಂಗ್ ವೋಲ್ಟೇಜ್ ಅಳೆದು, ಎಲ್ಲ ಮಾಡ್ಯೂಲ್ ಸ್ಕ್ಯಾನ್ ಮಾಡಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಹಾರ್ನೆಸ್ ಅಲುಗಾಡಿಸಿ ನೋಡಿ. ರೆಡಿನೆಸ್ ಮಾನಿಟರ್‌ಗಳು (ಓಡಿಸುವಾಗ ಇಸಿಎಂ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಪೂರ್ತಿಯಾಗುವವರೆಗೆ ಹಳೆಯ ಇಸಿಎಂ ಹಿಂತಿರುಗಿಸಬೇಡಿ, ಅದರೊಳಗಿನ ಡೇಟಾ ಮತ್ತೆ ಬೇಕಾಗಬಹುದು.